ಮಳವಳ್ಳಿಯಲ್ಲಿ ನಾನು ಸೋಡಾ ಬ್ರಾಂಚು ತೆರೆದ ಬಗೆ

ಚಿಕ್ಕ ಅಂಗಡಿ ಇಟ್ಟುಕೊಂಡು ದೊಡ್ಡ ವ್ಯಾಪಾರಿಯಾಗಬೇಕೆಂದು ಆಸೆಪಡುವವರು ಈಚೆಗೆ ನನ್ನ ಬಳಿ ಬಂದು ಸಲಹೆ ಕೇಳುತ್ತಾರೆ. ಮದ್ದೂರಿನಲ್ಲಿ ಒಂದು, ಮಳವಳ್ಳಿಯಲ್ಲಿ ಒಂದು ಸೋಡಾ ಅಂಗಡಿ ಇರುವ ಮನುಷ್ಯನಿಗೆ ಏನೋ ಗುಟ್ಟು ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ನಾನೂ ಗುಟ್ಟು ಗೊತ್ತಿರುವವನ ಹಾಗೆಯೇ ಮುಖ ಮಾಡಿಕೊಂಡು ಕೂರುತ್ತೇನೆ. ಆದರೆ ಮಾತಿನ ನಡುವೆ ಯಾರಾದರೂ ಬಾಗಿಲನ್ನು ದಢಾರನೆ ಹಾಕಿದರೆ ನಾನು ಬೆಂಚಿನ ಕೆಳಗೆ ಇರುತ್ತೇನೆ. ಬೆಂಚಿನ ಕೆಳಗಿರುವವನಿಂದ ಯಾರೂ ವ್ಯಾಪಾರದ ಸಲಹೆ ತೆಗೆದುಕೊಳ್ಳುವುದಿಲ್ಲ.

ಅದಕ್ಕೇ ಬರೆದುಬಿಡುವುದು ಮೇಲು ಎನಿಸಿತು. ಬರೆಯುವಾಗ ಸದ್ದಾಗುವುದಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ, ಒಂದಿಷ್ಟೂ ಹೆಚ್ಚಿಸದೆ ಬರೆಯುತ್ತೇನೆ. ಹೆಚ್ಚಿಸುವ ಅಗತ್ಯವೂ ಇಲ್ಲ.

ಆಗ ಯುದ್ಧದ ಕಾಲ. ಮದ್ದೂರು ಸ್ಟೇಷನ್ನಿನ ಎದುರಿಗೆ ನನ್ನ ಗೋಲಿ ಸೋಡಾ ಅಂಗಡಿ. ನಮ್ಮ ಸೀಮೆಯ ಗಿರಾಕಿಗಳದು ಒಂದು ಪದ್ಧತಿ ಇದೆ. ಸೋಡಾವನ್ನು ಅವರು ಮೊದಲು ಕಿವಿಯಿಂದ ರುಚಿ ನೋಡುತ್ತಾರೆ. ಬಾಟಲಿಯ ಕೊರಳಲ್ಲಿ ಕೂತಿರುವ ಗೋಲಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದಾಗ ಅದು 'ಕೀಂಯ್' ಎಂದು ಕೂಗಬೇಕು. ಎಷ್ಟು ಜೋರಾಗಿ ಕೂಗಿತೋ ಅಷ್ಟು ಒಳ್ಳೆಯ ಸೋಡಾ. ಕೂಗದಿದ್ದರೆ, "ಇದೇನ್ಲಾ, ಬಾವಿ ನೀರ್ನೇ ಬಾಟ್ಲಿಗ್ ಉಯ್ದಿದ್ದೀಯ?" ಎಂದು ಮುಟ್ಟದೆ ಎದ್ದು ಹೋಗುತ್ತಾರೆ. ನನ್ನ ಸೋಡಾ ಸುಮಾರಾಗಿ ಕೂಗುತ್ತಿತ್ತು. ಈಚೆಗೆ ನಿಡಘಟ್ಟ, ಆಚೆಗೆ ಹನಕೆರೆ, ಇಷ್ಟರೊಳಗೆ ನನಗೂ ಒಂದು ಹೆಸರಿತ್ತು. ನಾನು ಸುಖವಾಗಿದ್ದೆ.

ಆಗ ಮಾದೇಶ ಬಂದ.

ಮಾದೇಶ ನನ್ನ ಹೆಂಡತಿ ಚೆನ್ನಮ್ಮನ ತಮ್ಮ. ಮೈಸೂರಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದುಕೊಡುವ ಕೆಲಸ. ದೊಡ್ಡ ವ್ಯಾಪಾರಿಗಳನ್ನು ದಿನವೂ ಹತ್ತಿರದಿಂದ ನೋಡುತ್ತಿದ್ದುದರಿಂದ ವ್ಯಾಪಾರದ ಮರ್ಮವೆಲ್ಲ ತನಗೆ ಅಂಟಿಕೊಂಡಿದೆ ಎಂದು ತಿಳಿದಿದ್ದ. ಬಿಸಿಲಿಗೂ ಕೋಟು, ನೆರಳಿಗೂ ಛತ್ರಿ.

"ಬಾವ, ಇನ್ನೂ ಒಂದೇ ಅಂಗ್ಡೀಲಿ ಕೂತಿದ್ದೀಯಲ್ಲಾ? ಮೈಸೂರಲ್ಲಿ ಬ್ರಾಂಚಿಲ್ದೋನ್ನ ವ್ಯಾಪಾರಸ್ಥ ಅನ್ನಾಕಿಲ್ಲ."

"ಮತ್ತೇನಂತಾರೆ?"

"ಅಂಗ್ಡಿಯೋನು ಅಂತಾರೆ."

ನನಗೆ ಬಹಳ ಅವಮಾನವಾಯಿತು. ಅದುವರೆಗೆ ನಾನು ಅಂಗಡಿಯವನಾಗಿಯೇ ಇದ್ದೆ, ಅದು ಬೈಗುಳವೆಂದು ಗೊತ್ತಿರಲಿಲ್ಲ!

ಮಳವಳ್ಳಿಯ ಸಂತೆಮಾಳದ ಎದುರಿಗೆ ಪಟೇಲ ನಿಂಗೇಗೌಡರ ಒಂದು ಮಳಿಗೆ ಖಾಲಿ ಇತ್ತು. ಮಾದೇಶನೂ ನಾನೂ ಹೋಗಿ ಕೇಳಿದೆವು. ಪಟೇಲರು ಮೀಸೆಯನ್ನು ಎರಡೂ ಕಡೆ ಸಮವಾಗಿ ತೀಡಿಕೊಂಡು, "ನೋಡು ಪುಟ್ಟಸ್ವಾಮಿ," ಎಂದರು, "ಆ ಮಳ್ಗೆನ ಮಂಡ್ಯದ ಸೋಡಾದೋನೊಬ್ಬ ಕೇಳ್ತಾವ್ನೆ. ನೀನು ಅವನ್ಗಿಂತ ಮೊದ್ಲು ಬಂದೆ. ಬರೋ ವಾರ ನನ್ ಮಗಳ್ ಮದ್ವೆ. ಸೋಡಾ ನೀನೇ ತತ್ತಾ. ಬೀಗ್ರು ಭೇಷ್ ಅಂದ್ರೆ ಮಳ್ಗೆ ನಿಂದು. ಮೂಗ್ ಮುರುದ್ರೆ ಮಂಡ್ಯದೋನ್ದು."

"ಬೀಗ್ರು ಭೇಷ್ ಅನ್ನೋ ಹಂಗೆ ಮಾಡ್ತೀವಿ," ಎಂದ ಮಾದೇಶ, ನನ್ನ ಪರವಾಗಿ.

ಪಟೇಲರು ನಿಟ್ಟುಸಿರುಬಿಟ್ಟರು. "ಸೋಡಾ ಇರ್ಲಿ, ನನ್ ಚಿಂತೆ ಬ್ಯಾರೆ ಐತೆ ಕಣಯ್ಯ. ನಮ್ ಮನೇಲಿ ತಾಳಿ ಕಟ್ಟೋವಾಗ ಗರ್ನಾಲು ಆರುಸ್ದೆ ಇದ್ದದ್ದೇ ಇಲ್ಲ. ನಮ್ಮಪ್ಪನ ಮದ್ವೇಲಿ ಆರ್ಸಿದ್ದು ಮದ್ದೂರ್ಗೆ ಕೇಳಿಸ್ತಂತೆ. ಈಗ ಈ ಹಾಳು ಯುದ್ದ ಬಂದು ಮದ್ದಿಗೆ ಅಪ್ಪಣೆ ಇಲ್ಲ ಅಂತಾರೆ. ಕಬ್ಬುಣದ ಕೊಳ್ವೆ ಐತೆ, ತುಂಬಕ್ ಮದ್ದಿಲ್ಲ. ಬೀಗ್ರ ಮುಂದೆ ಮೂಕ ಮದ್ವೆ ಮಾಡಂಗಾಯ್ತು."

ನಾವು ಮರ್ಯಾದೆಗಾಗಿ ಅಯ್ಯೋ ಎಂದೆವು. ಸೋಡಾದವನಿಗೂ ಗರ್ನಾಲಿಗೂ ಏನು ಸಂಬಂಧ? ನಮ್ಮ ತಲೆಯಲ್ಲಿ ಇದ್ದದ್ದು ಮಳಿಗೆ ಒಂದೇ.

ಮದ್ದೂರಿಗೆ ಮರಳಿದ ಮಾದೇಶ ಮೊದಲು ಮಾಡಿದ ಕೆಲಸ ಬೋರ್ಡು ಬರೆಸಿದ್ದು. ಬಾಗಿಲಷ್ಟು ಅಗಲದ ಹಲಗೆ. ಅದರ ಮೇಲೆ ನನ್ನ ಹೆಸರು, ಕೆಳಗೆ ಕೆಂಪು ಅಕ್ಷರದಲ್ಲಿ 'ಬ್ರಾಂಚು: ಮಳವಳ್ಳಿ'. ಮಳಿಗೆ ಇನ್ನೂ ಸಿಕ್ಕಿರಲಿಲ್ಲ.

ಚೆನ್ನಮ್ಮ ಸೆರಗಿನಿಂದ ಅದರ ಅಗಲ ಅಳೆದು ನೋಡಿದಳು. "ಮಳ್ಗೆ ಸಿಗ್ದೆ ಇದುನ್ನ ಒತ್ಕೊಂಡ್ ವಾಪಸ್ ಬಂದ್ರೆ ಚಿಂತೆ ಇಲ್ಲ ಬುಡಿ. ನಮ್ ಕೊಟ್ಗೆಗೆ ಬಾಗ್ಲು ಇಲ್ಲ."

ಅಂದೇ ನಾನು ನಿರ್ಧರಿಸಿದೆ, ಈ ಹಲಗೆ ಕೊಟ್ಟಿಗೆಗೆ ಹೋಗಬಾರದು.

ಇಲ್ಲಿ ನನ್ನ ಮೊದಲನೆಯ ಸಲಹೆ ಬರುತ್ತದೆ. ನಿಮ್ಮ ಸರಕು ಎದುರಾಳಿಯ ಸರಕಿಗಿಂತ ಒಂದು ಕೈ ಮೇಲಿರಲಿ. ಒಂದೇ ಕೈ. ನಾನು ಎರಡೂ ಕೈ ಹಾಕಿದೆ. ಮಂಡ್ಯದವನ ಸೋಡಾ ಯಲಿಯೂರು ದಾಟುವ ರೈಲಿಗೂ ಕೇಳಿಸುತ್ತದೆ ಎಂದು ಯಾರೋ ಹೇಳಿದ್ದರು. ಸೋಡಾ ಮೆಷಿನ್ನಿನಲ್ಲಿ ಗ್ಯಾಸು ಎಷ್ಟು ತುಂಬಿತೆಂದು ತೋರಿಸುವ ಮುಳ್ಳೊಂದಿರುತ್ತದೆ. ಅದು ಕೆಂಪು ಗೆರೆ ಮುಟ್ಟಿದ ಕೂಡಲೇ ನಿಲ್ಲಿಸುವುದು ಪದ್ಧತಿ. ಗೆರೆಯ ಆಚೆ ಏನಿದೆಯೆಂದು ಆ ಮುಳ್ಳು ಅದುವರೆಗೆ ಕಂಡಿರಲಿಲ್ಲ. ಪಟೇಲರ ಮನೆ ಮದುವೆಯ ನೆಪದಲ್ಲಿ ನಾನು ಅದಕ್ಕೆ ಆಚೆಯ ಸೀಮೆಯನ್ನೆಲ್ಲ ತೋರಿಸಿದೆ.

ತುಂಬಿಟ್ಟ ಬಾಟಲಿಗಳನ್ನು ಚೆನ್ನಮ್ಮ ದೂರದಿಂದ ನೋಡಿದಳು.

"ಇಗಾ, ಆ ಬಾಟ್ಲಿಗ್ಳು ಒಂಥರಾ ಅವೆ ಕಣ್ರೀ."

"ಒಂಥರಾ ಅಂದ್ರೆ?"

"ಸಿಟ್ ಬಂದೋರು ಮಾತಾಡ್ದೆ ಕೂತಂಗವೆ."

ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಅನ್ನಲಿಲ್ಲ. ಆ ವಾರ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಮದುವೆಯ ಹಿಂದಿನ ದಿನ ಬಾಷಾ ಸಾಬರ ಎತ್ತಿನ ಗಾಡಿ ಬಂತು. ಸಾಬರು ಮದ್ದೂರಿಗೇ ನಂಬಿಕೆಯ ಗಾಡಿಯವರು. ಮರದ ಪೆಟ್ಟಿಗೆಗಳಲ್ಲಿ ಬಾಟಲಿ ಜೋಡಿಸಿ, ಮೇಲೆ ಹುಲ್ಲು ಹರಡಿ, ಅದರ ಮೇಲೆ ಒದ್ದೆ ಗೋಣಿತಾಟು ಹೊದಿಸಿ, "ತಂಪೊತ್ನಲ್ಲೇ ಒಂಟೋಗ್ಬುಡಾನ ಪುಟ್ಟಸ್ವಾಮಣ್ಣ," ಎಂದರು.

ಮಾದೇಶ ಛತ್ರಿಯನ್ನು ಅಡ್ಡ ಹಿಡಿದ. "ಏನ್ ಸಾಬ್ರೇ, ಕಳ್ ಮಾಲ್ ಸಾಗ್ಸ್ತಾ ಇದ್ದೀವಾ? ಮೈಸೂರಲ್ಲಿ ಸರಕನ್ನ ಗಾಜಿನ ಬೀರೂನಲ್ಲಿ ಮಡಗಿ ದೀಪ ಆಕ್ತಾರೆ. ನೀವು ಗೋಣಿ ಒದುಸ್ತೀರಿ. ನಾಲ್ಕ್ ಜನ ನೋಡೋ ಒತ್ನಲ್ಲಿ ಓಗ್ಬೇಕು. ತೆಗೀರಿ ಅದ್ನ!"

ಸಾಬರು ನನ್ನ ಮುಖ ನೋಡಿದರು. ನಾನು ಹಲಗೆಯ ಮೇಲಿನ ಕೆಂಪು ಅಕ್ಷರ ನೋಡಿದೆ. "ತೆಗೀರಿ ಸಾಬ್ರೇ," ಎಂದೆ.

ಹೀಗೆ ಗೋಣಿಯೂ ಇಲ್ಲದೆ, ಹುಲ್ಲೂ ಇಲ್ಲದೆ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಬೋರ್ಡನ್ನು ಗಾಡಿಯ ಹಿಂದಕ್ಕೆ ನಿಲ್ಲಿಸಿಕೊಂಡು ನಾವು ಮೆರವಣಿಗೆ ಹೊರಟೆವು. ಊರೂರಿನಲ್ಲೂ ಜನ ನಿಂತು ನೋಡಿದರು. ಬಿಸಿಲಿಗೆ ಬಾಟಲಿಗಳು ಥಳಥಳ ಹೊಳೆಯುತ್ತಿದ್ದವು. ಮಳವಳ್ಳಿ ರಸ್ತೆಯ ಗುಣ ಬಲ್ಲವರಿಗೆ ಗಾಡಿ ಹೇಗೆ ಕುಲುಕಿತೆಂದು ಹೇಳಬೇಕಾಗಿಲ್ಲ. ದಾರಿಯ ನಡುವೆ ಸಿಗುವ ದೊಡ್ಡಿ ಎಂಬ ಊರನ್ನು ದಾಟುವವರೆಗೂ ನನ್ನ ಬದುಕಿನಲ್ಲಿ ಅಂಥ ಹೆಮ್ಮೆಯ ಪ್ರಯಾಣ ಇನ್ನೊಂದಿರಲಿಲ್ಲ.

ದೊಡ್ಡಿ ದಾಟಿದ ಮೇಲೆ 'ಢಂ!' ಎಂದಿತು.

ಏನೆಂದು ತಿರುಗುವಷ್ಟರಲ್ಲಿ ಇನ್ನೊಂದು. ಒಂದು ಬಾಟಲಿಯ ಸಿಟ್ಟು ಪಕ್ಕದ್ದಕ್ಕೆ ತಾಗುತ್ತದೆ, ಅದರದು ಅದರ ಪಕ್ಕದ್ದಕ್ಕೆ. ಮಾದೇಶ ಛತ್ರಿ ಬಿಚ್ಚಿ ಅದರ ಹಿಂದೆ ಕೂತ. ನಾನು ಬೋರ್ಡನ್ನು ಎಳೆದುಕೊಂಡು ಅದರ ಕೆಳಗೆ ಮಲಗಿದೆ. ಹಲಗೆಗೆ ಮೊದಲ ಸಲ ಒಂದು ಉಪಯೋಗ ಸಿಕ್ಕಿತು. ಎತ್ತುಗಳು ಸಾಬರ ಮಾತು ಕೇಳುವುದನ್ನು ಬಿಟ್ಟವು.

ಪಕ್ಕದ ಕಬ್ಬಿನ ಗದ್ದೆಯಿಂದ ಒಂದು ಕೂಗು ಕೇಳಿಸಿತು. "ಜಪಾನ್ನೋರು ಬಂದ್ಬುಟ್ರು ಕಣ್ರಲಾ! ಮನ್ಕೊಳ್ಳಿ!" ಕೆಲಸ ಮಾಡುತ್ತಿದ್ದವರೆಲ್ಲ ಕಬ್ಬಿನೊಳಗೆ ಮಾಯವಾದರು. ಒಬ್ಬ ಮುದುಕರು ಮಾತ್ರ ಬದುವಿನ ಮೇಲೆ ನಿಂತು, ಓಡುತ್ತಿದ್ದ ಗಾಡಿಯ ಜೊತೆ ತಾವೂ ನಾಲ್ಕು ಹೆಜ್ಜೆ ಓಡಿ ಕೇಳಿದರು:

"ಎಲ್ಲಿಂದ ಬಂದ್ರಪ್ಪಾ?"

"ಮದ್ದೂರಿಂದ!" ಎಂದು ಸಾಬರು ಕೂಗಿದರು.

"ಮದ್ದೂರ್ ಓಯ್ತಾ?"

"ಇಲ್ಲ ಕಣಜ್ಜೋ! ಅರ್ದ ಗಾಡಿ ಓಯ್ತು!"

ಮಳವಳ್ಳಿಯನ್ನು ಅಷ್ಟು ಬೇಗ ತಲುಪಿದ ಎತ್ತಿನ ಗಾಡಿ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಊರ ಹೊರಗಿನ ಕೆರೆಯಲ್ಲಿ ಎತ್ತುಗಳು ತಾವಾಗಿಯೇ ಇಳಿದು ನಿಂತವು. ಸಾಬರು ಗೋಣಿತಾಟನ್ನು ನೀರಿನಲ್ಲಿ ಅದ್ದಿ, ಉಳಿದ ಬಾಟಲಿಗಳಿಗೆ ಹೊದಿಸಿದರು. ನಂತರ ನನ್ನ ತಲೆಗೂ ಒಂದು ಹೊದಿಸಿದರು. ಅರ್ಧ ಸರಕು ಉಳಿದಿತ್ತು. ಬೀಗರಿಗೆ ಸಾಕಾಗುವಷ್ಟು. ಮಳಿಗೆ ಇನ್ನೂ ಕೈಬಿಟ್ಟಿರಲಿಲ್ಲ.

ಒಮ್ಮೆ ಪೆಟ್ಟು ತಿಂದವನು ಎರಡನೆಯ ಸಲ ಅದೇ ತಪ್ಪು ಮಾಡುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು. ನೀವು ಮಾದೇಶನ ಜೊತೆ ವ್ಯಾಪಾರ ಮಾಡಿದವರಲ್ಲ.

ಮರುದಿನ ಮಧ್ಯಾಹ್ನಕ್ಕೆ ಸರಿಯಾಗಿ ಅಭಿಜಿನ್ ಲಗ್ನ. ಊರೆಲ್ಲ ಚಪ್ಪರದೊಳಗೆ. ಮರಗಳ ನೆರಳನ್ನೆಲ್ಲ ಬೀಗರ ಗಾಡಿಗಳು ಹಿಡಿದಿದ್ದವು. ನಮ್ಮ ಗಾಡಿಯನ್ನು ಚಪ್ಪರದ ಹಿಂದಿನ ಬಯಲಿನಲ್ಲಿ, ಅಡುಗೆಗೆಂದು ರಾಶಿ ಹಾಕಿದ್ದ ಬೂದುಗುಂಬಳಕಾಯಿಗಳ ಪಕ್ಕದಲ್ಲಿ ನಿಲ್ಲಿಸಿದ್ದು ನಾನೇ. "ಊಟಕ್ ಎದ್ದ ತಕ್ಷಣ ಬೀಗ್ರ ಕಣ್ಗೆ ಬೀಳ್ಬೇಕು ಬಾವ," ಎಂದು ಮಾದೇಶ ಗೋಣಿತಾಟು ಎಳೆದ. ಈ ಸಲ ಸಾಬರು ನನ್ನ ಮುಖವನ್ನೂ ನೋಡಲಿಲ್ಲ. ಎತ್ತುಗಳನ್ನು ಬಿಚ್ಚಿಕೊಂಡು, ಒಂದು ಬಾಟಲಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ನನ್ ಪಾಲಿಂದು ಇದೊಂದು," ಎಂದು ದೂರದ ಹುಣಸೆ ಮರದ ಕಡೆಗೆ ಹೊರಟುಹೋದರು.

ನಾನು ಚಪ್ಪರದೊಳಗೆ ಬಂದೆ. ಆಗ ಬೀಗರು, ಅಂದರೆ ಗಂಡಿನ ತಂದೆ, ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದರು: "ಏನ್ ಬೀಗ್ರೇ, ನಿಮ್ಮನೆ ಮದ್ವೇಲಿ ಗರ್ನಾಲು ಮದ್ದೂರ್ಗಂಟ ಕೇಳುಸ್ತದೆ ಅಂದ್ರು. ವಾಲಗ್ದಲ್ಲೇ ಮುಗುಸ್ಬುಡ್ತೀರೇನು?"

ಹೆಣ್ಣಿನ ಕಡೆಯವರೆಲ್ಲ ನೆಲ ನೋಡಿದರು. ಪಟೇಲರ ಮೀಸೆ ಎರಡೂ ಕಡೆ ಸಮವಾಗಿ ಇಳಿಯಿತು. ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಎಂದರು. ವಾಲಗದವರು ಊದಿದರು. ಹುಡುಗ ತಾಳಿಯನ್ನು ಕೈಗೆ ತೆಗೆದುಕೊಂಡ. ಮೊದಲ ಗಂಟು ಬಿದ್ದಿತು.

ಢಂ!

ಎರಡನೆಯ ಗಂಟು. ಢಂ! ಢಂ!

ಮೂರನೆಯ ಗಂಟು ಬೀಳುವಾಗ ಉಳಿದ ಬಾಟಲಿಗಳೆಲ್ಲ ಒಟ್ಟಿಗೆ ಆಶೀರ್ವಾದ ಮಾಡಿದವು. ಚಪ್ಪರದ ಸೋಗೆ ನಡುಗಿತು. ಸಂತೆಮಾಳದ ಕಾಗೆಗಳೆಲ್ಲ ಒಂದೇ ಸಲ ಎದ್ದವು. ಅಕ್ಷತೆ ಯಾರೂ ಹಾಕಬೇಕಾಗಲಿಲ್ಲ. ಬೆಚ್ಚಿದ ಕೈಗಳಿಂದ ತಾನಾಗಿಯೇ ಹಾರಿತು. ನಾನು ಪುರೋಹಿತರ ಹಿಂದೆ ಇದ್ದೆ. ಪುರೋಹಿತರು ನನ್ನ ಹಿಂದೆ ಬರಲು ನೋಡುತ್ತಿದ್ದರು.

ಹೊಗೆಯಿಲ್ಲದ ಆ ಸದ್ದು ನಿಂತ ಕೂಡಲೇ ಬೀಗರು ಎದ್ದು ನಿಂತರು. "ಭೇಷ್!" ಎಂದರು. "ಭೇಷ್ ಬೀಗ್ರೇ! ಈ ಯುದ್ದದ ಕಾಲ್ದಲ್ಲೂ ಗರ್ನಾಲು ಆರ್ಸುದ್ರಲ್ಲಾ! ಮನೆತನ ಅಂದ್ರೆ ಇದು!"

ಪಟೇಲರಿಗೆ ಏನಾಯಿತೆಂದು ತಿಳಿಯಲಿಲ್ಲ. ಆದರೂ ಮೀಸೆಗೆ ತಿಳಿಯಿತು. ಅದು ಮೇಲೆ ಹೋಯಿತು. "ಏನೋ, ನಮ್ ಕೈಲಾದ್ದು," ಎಂದರು.

ಹಾನಿಯ ಲೆಕ್ಕ ಹೇಳುವುದು ಸಾಕ್ಷಿಯಾದವನ ಧರ್ಮ. ಮನುಷ್ಯರಿಗೆ ಏನೂ ಆಗಲಿಲ್ಲ. ಕೆಲವು ಕುಂಬಳಕಾಯಿಗಳು ಹೆಚ್ಚುವ ಮೊದಲೇ ಹೋಳಾಗಿದ್ದವು. ಗಾಡಿಗೆ ಆನಿಸಿಟ್ಟಿದ್ದ ಮಾದೇಶನ ಛತ್ರಿಯಲ್ಲಿ ಕಡ್ಡಿಗಳು ಮಾತ್ರ ಉಳಿದಿದ್ದವು. ನನ್ನ ಸೋಡಾ ವ್ಯಾಪಾರದಲ್ಲಿ ಗೋಲಿಗಳು ಉಳಿದಿದ್ದವು, ಬಯಲ ತುಂಬ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಊಟಕ್ಕೆಂದು ಬರಬೇಕಾಗಿದ್ದ ಊರಿನ ಪೊಲೀಸು ದಫೇದಾರರು ಸದ್ದು ಕೇಳಿ ಊಟಕ್ಕಿಂತ ಮೊದಲೇ ಬಂದರು. ಸೈಕಲ್ ಇಳಿಯುವ ಮೊದಲೇ ಕೇಳಿದರು:

"ಯಾವನೋ ಅದು ಮದ್ದು ಸುಟ್ಟೋನು? ಅಪ್ಪಣೆ ಇಲ್ದೆ? ಯುದ್ಧ ನಡೀತಿರೋದು ಗೊತ್ತಿಲ್ವಾ? ಯಾರ್ ಮದುವೆಯಾದ್ರೂ ಸರಿ, ಸ್ಟೇಷನ್ಗೆ ನಡೀರಿ!"

ಪಟೇಲರ ಕೈ ನಿಧಾನವಾಗಿ ಎದ್ದು ನನ್ನನ್ನು ತೋರಿಸಿತು.

"ಮದ್ದಲ್ಲ ಸ್ವಾಮಿ, ಸೋಡಾ," ಎಂದೆ.

"ಸೋಡಾ ಹೀಗೆ ಸಿಡಿಯುತ್ತೇನಯ್ಯ? ತೋರಿಸು, ಕುಡಿದೇ ನೋಡ್ತೀನಿ."

ಮಾದೇಶ ಓಡಿ ಹೋಗಿ ಗಾಜಿನ ರಾಶಿಯಿಂದ ಸಿಡಿಯದೆ ಉಳಿದಿದ್ದ ಒಂದೇ ಒಂದು ಬಾಟಲಿಯನ್ನು ಹೆಕ್ಕಿ ತಂದ. ಅದು ಏಕೆ ಸಿಡಿದಿಲ್ಲ ಎಂದು ನಾವು ಯೋಚಿಸಬೇಕಾಗಿತ್ತು. ಕೊರಳಿನ ರಬ್ಬರು ಸೀಳಿ ಅದರ ಗ್ಯಾಸೆಲ್ಲ ದೊಡ್ಡಿಯ ಹತ್ತಿರವೇ ಹೋಗಿ, ಗೋಲಿ ಮಾತ್ರ ಅಂಟಿಕೊಂಡು ಕೂತಿತ್ತು. ಊರೂ, ಬೀಗರೂ, ಪಟೇಲರೂ ನೋಡುತ್ತಿದ್ದಂತೆ ನಾನು ಗೋಲಿಯನ್ನು ಒತ್ತಿದೆ.

ಅದು ಕೂಗಲಿಲ್ಲ. ಉಸಿರೂ ಬಿಡಲಿಲ್ಲ.

ದಫೇದಾರರು ಅಷ್ಟನ್ನೂ ಕುಡಿದು, ತುಟಿ ಒರೆಸಿಕೊಂಡರು. "ಬಾವಿ ನೀರು!" ಎಂದರು. "ಬಾವಿ ನೀರಿಗೆ ಊರು ನಡುಗುತ್ತಾ? ಗರ್ನಾಲು ಹಾರಿಸಿ ನನಗೆ ಸೋಡಾ ಕಥೆ ಹೇಳ್ತೀಯಾ? ಪಟೇಲ್ರೇ, ನೀವೂ ಎದ್ದೇಳಿ."

ಆ ಗಳಿಗೆಯಲ್ಲಿ ನನ್ನ ಸ್ಥಿತಿ ನೀವೇ ಊಹಿಸಿ. ಮಳಿಗೆ ಹೋಯಿತು. ಹೆಸರು ಹೋಯಿತು. ಮಗಳ ಮದುವೆಯ ದಿನ ಪಟೇಲರು ಸ್ಟೇಷನ್ನಿಗೆ ಹೋಗುವ ಹಾಗಾಯಿತು. ನನ್ನ ಸೋಡಾ ಮದ್ದಿನಷ್ಟು ಜೋರು ಎಂದು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ, ಮತ್ತು ಸಾಬೀತು ಮಾಡಲು ಸೋಡಾ ಇಲ್ಲ!

ಆಗ ಹುಣಸೆ ಮರದ ಕಡೆಯಿಂದ ಬಾಷಾ ಸಾಬರು ಬರುವುದು ಕಾಣಿಸಿತು. ಕಂಕುಳಲ್ಲಿ ಒದ್ದೆ ಗೋಣಿ.

"ಇದೊಂದು ಐತೆ ಸ್ವಾಮಿ. ಬಿಸ್ಲಲ್ಲಿ ಮಡಗಿ ನೋಡಿ."

ಬಾಟಲಿಯನ್ನು ಬಯಲಿನಲ್ಲಿದ್ದ ದನದ ಕಲ್ಲುಬಾನಿಯ ನೀರು ಚೆಲ್ಲಿಸಿ ಅದರೊಳಗೆ ನಿಲ್ಲಿಸಿದೆವು. ಎಲ್ಲರೂ ಚಪ್ಪರದ ಅಂಚಿನಲ್ಲಿ ಬೆಂಚು ಹಾಕಿಕೊಂಡು ಕೂತೆವು. ಮದುಮಕ್ಕಳೂ ಬಂದು ಕೂತರು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದರು. ಒಂದು ಮದುವೆಗೆ ಮದುವೆಯೇ, ಊಟ ಬಿಟ್ಟು, ಬಿಸಿಲಿನಲ್ಲಿ ಕೂತ ಒಂದು ಸೋಡಾ ಬಾಟಲಿಯ ಮುಖ ನೋಡುತ್ತಾ ಕೂತಿತ್ತು.

ಬಾಟಲಿ ಸುಮ್ಮನಿತ್ತು. ಪಾಯಸ ಆರಿತು. ಮಾದೇಶ ಛತ್ರಿಯ ಕಡ್ಡಿ ಎಣಿಸುತ್ತಿದ್ದ. ನಾನು ಮಲೆ ಮಾದೇಶ್ವರನಿಗೆ ಹರಕೆ ಹೊತ್ತೆ. ಸಿಡಿಯದಿರಲಿ ಎಂದು ಹರಕೆ ಹೊರುವ ಸೋಡಾದವರನ್ನು ಆ ದೇವರು ಕಂಡಿರಬಹುದು, ಸಿಡಿಯಲಿ ಎಂದು ಹೊತ್ತವನು ನಾನೊಬ್ಬನೇ.

ಕೊನೆಗೆ ದಫೇದಾರರು ಎದ್ದರು. ಟೋಪಿ ಸರಿಮಾಡಿಕೊಂಡರು. ಸೈಕಲ್ಲಿನ ಕಡೆಗೆ ತಿರುಗಿ, "ಆಯ್ತು ನಿನ್ನ ನಾಟಕ. ನಡಿಯಯ್ಯ..."

ಢಂ!!

ಕಲ್ಲುಬಾನಿಯೊಳಗೆ ಸದ್ದು ಎಂಟು ಪಟ್ಟಾಗುತ್ತದೆಂದು ಅಂದು ತಿಳಿಯಿತು. ಕಣ್ಣು ಬಿಟ್ಟಾಗ ನಾನು ಬೆಂಚಿನ ಕೆಳಗಿದ್ದೆ. ಒಬ್ಬನೇ ಇರಲಿಲ್ಲ. ಪಕ್ಕದಲ್ಲಿ ದಫೇದಾರರಿದ್ದರು.

"ಸೋಡಾನೇ ಕಣಯ್ಯ," ಎಂದು ಅವರು ಮೆಲ್ಲಗೆ ಹೇಳಿದರು.

ಚಪ್ಪರವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಬೀಗರು ನನ್ನನ್ನು ಬೆಂಚಿನ ಕೆಳಗಿನಿಂದ ಎಳೆದು ತಬ್ಬಿಕೊಂಡರು. ವಾಲಗದವರು ನನಗಾಗಿ ಇನ್ನೊಮ್ಮೆ ಗಟ್ಟಿಮೇಳ ಬಾರಿಸಿದರು. ಪಟೇಲರು ಊಟದ ಎಲೆಯ ಮುಂದೆ, ಎಲ್ಲರ ಎದುರಿಗೆ, ಮಳಿಗೆಯ ಬೀಗದ ಕೈಯನ್ನು ನನ್ನ ಕೈಗಿಟ್ಟರು. "ನನ್ ಮಾನ ಉಳ್ಸ್ಬುಟ್ಟೆ ಕಣ್ಲಾ ಪುಟ್ಟಸ್ವಾಮಿ!" ಬೀಗರು ನನ್ನ ಸೋಡಾವನ್ನು ಒಂದು ತೊಟ್ಟೂ ಕುಡಿಯಲಿಲ್ಲ. ಮಜ್ಜಿಗೆ ಕುಡಿದು ಸೋಡಾ ಭೇಷ್ ಎಂದರು.

ಬೋರ್ಡು ಅಂದೇ ಮಳಿಗೆಯ ಮೇಲೆ ಏರಿತು. ಊರಿಗೆ ಮರಳಿ ಸುದ್ದಿ ಹೇಳಿದಾಗ ಚೆನ್ನಮ್ಮ ಎಲ್ಲವನ್ನೂ ಕೇಳಿ, "ಒಳ್ಳೇದಾಯ್ತು ಬುಡಿ," ಎಂದಳು. "ಕೊಟ್ಗೆಗೆ ಮಾತ್ರ ಬಾಗ್ಲಿಲ್ದಂಗಾಯ್ತು."

ಮಾದೇಶ ಮೈಸೂರಿಗೆ ಹೋದ. ಅಲ್ಲಿ ಎಲ್ಲರಿಗೂ ಅದು ತನ್ನ ಉಪಾಯ ಎಂದು ಹೇಳುತ್ತಿದ್ದಾನಂತೆ. ಹೇಳಲಿ. ಛತ್ರಿ ಕಳೆದುಕೊಂಡದ್ದು ಅವನೇ.

ಇನ್ನು ನನ್ನ ಕೊನೆಯ ಸಲಹೆ. ಹೊಸ ಊರಿಗೆ ಹೋದರೆ, ಗಿರಾಕಿಗೆ ಏನು ಬೇಕೆಂದು ಕೇಳಿ ತಿಳಿದುಕೊಳ್ಳಿ. ನಿಮಗೆ ಗೊತ್ತಿದೆ ಎಂದು ತಿಳಿಯಬೇಡಿ. ಮಳವಳ್ಳಿ ಮಳಿಗೆಯ ಖಾಯಂ ಗಿರಾಕಿಗಳಲ್ಲಿ ಎಲ್ಲರಿಗಿಂತ ದೊಡ್ಡವರು ದಫೇದಾರರು. ಬಾಗಿಲು ತೆರೆದ ಮೊದಲ ದಿನವೇ ಬಂದು, ಬೆಂಚಿನ ತುದಿಯಲ್ಲಿ ಕೂತು, ಅತ್ತ ಇತ್ತ ನೋಡಿ, ಕಿವಿಯ ಹತ್ತಿರ ಬಾಗಿ ಹೇಳಿದರು: "ನನಗೆ ಮದುವೆ ದಿನ ಮೊದಲು ಕೊಟ್ಟೆಯಲ್ಲ, ಅದೇ ಬೇಕು. ಬಾವಿ ನೀರಿನಂಥದ್ದು."

ಹೀಗಾಗಿ ಮದ್ದೂರು, ಮಂಡ್ಯ, ಮಳವಳ್ಳಿ ಮೂರೂ ಊರಿನಲ್ಲಿ ಎಲ್ಲರದಕ್ಕಿಂತ ಜೋರಾಗಿ ಕೂಗುವ ಸೋಡಾ ಮಾಡಲು ಹೊರಟ ನಾನು, ಈಗ ದಿನಾ ಬೆಳಿಗ್ಗೆ ಮಳವಳ್ಳಿಯ ಬಾಗಿಲು ತೆರೆದು ಮಾಡುವ ಮೊದಲ ಕೆಲಸ ಇದು: ದಫೇದಾರರಿಗೆಂದು ಒಂದು ಬಾಟಲಿಯ ಗೋಲಿಯನ್ನು ಮೆಲ್ಲಗೆ ಒಳಕ್ಕೆ ಒತ್ತುತ್ತೇನೆ. ಅದರ ಸದ್ದೆಲ್ಲ ಹೋಗುವವರೆಗೂ ಬೋರ್ಡಿನ ಕೆಳಗೆ ಸುಮ್ಮನೆ ಕೂತಿರುತ್ತೇನೆ.